ಕೆಟ್ಟಿಲ್ಲದ ಯಂತ್ರಕ್ಕೆ ಕೊನೆಯ ದಿನ

ಅಂಗಡಿಯ ಹುಡುಗ ನನ್ನ ಕಂಪ್ಯೂಟರಿನ ಮುಂದೆ ಎರಡು ನಿಮಿಷ ಕೂತು, ಅಲ್ಲಿ ಇಲ್ಲಿ ಕ್ಲಿಕ್ ಮಾಡಿ, "ಇದರ ಕಥೆ ಮುಗೀತು ಸಾರ್. ಇದಕ್ಕೆ ಹನ್ನೊಂದು ಹತ್ತಲ್ಲ" ಎಂದ. ಅವನು ಶ್ಲೇಷೆ ಮಾಡಲಿಲ್ಲ. ವಿಂಡೋಸ್ 11 ಈ ಯಂತ್ರಕ್ಕೆ ಏರುವುದಿಲ್ಲ ಎಂದಷ್ಟೇ ಅವನ ಮಾತಿನ ಅರ್ಥ. ಹನ್ನೊಂದು ಹತ್ತಲ್ಲ ಅನ್ನುವುದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು ಮಾರಾಯ, ಎಂದು ನಾನು ನಕ್ಕೆ. ಅವನಿಗೆ ನಗು ಬರಲಿಲ್ಲ.

"ಮುಗೀತು ಅಂದ್ರೇನು? ಆನ್ ಆಗುತ್ತಲ್ಲ?"

"ಆಗುತ್ತೆ."

"ಡಿಸ್ಕು?"

"ಚೆನ್ನಾಗಿದೆ."

"ಮತ್ತೆ?"

"ಹತ್ತಕ್ಕೆ ಸಪೋರ್ಟ್ ನಿಂತೋಯ್ತಲ್ಲ ಸಾರ್. ಹೊಸದು ತಗೊಂಬಿಡಿ. ಇದನ್ನ ಎಕ್ಸ್‌ಚೇಂಜ್‌ಗೆ ಹಾಕಿದ್ರೆ ಒಂದೆರಡು ಸಾವಿರ ಸಿಗಬಹುದು."

ನಾನು ಸಾಗರದಲ್ಲಿ ಕೂತು ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಪುಸ್ತಕಗಳ ಪುಟ ಕಟ್ಟುತ್ತಿರುವವನು. ಈ ಯಂತ್ರ 2016ರಲ್ಲಿ ಕೊಂಡದ್ದು. ಹಿಂದಿನ ತಿಂಗಳಷ್ಟೇ ಇದರಲ್ಲಿ ನಾನೂರು ಚಿಲ್ಲರೆ ಪುಟದ ಕಾದಂಬರಿಯೊಂದನ್ನು ಮುಗಿಸಿ ಮುದ್ರಣಕ್ಕೆ ಕಳಿಸಿದ್ದೇನೆ. ಒಂದೂ ದಿನ ತಕರಾರು ಮಾಡಲಿಲ್ಲ. ಹಾಗೆ ನೋಡಿದರೆ ಆ ಕೆಲಸದಲ್ಲಿ ಪದೇ ಪದೇ ಕೈಕೊಟ್ಟದ್ದು ಕರೆಂಟು, ನನ್ನ ಸೊಂಟ, ಮತ್ತು ಮೂರನೆಯ ಪ್ರೂಫಿನಲ್ಲೂ ಹೊಸ ಅಧ್ಯಾಯ ಸೇರಿಸುವ ಲೇಖಕರು. ಇವುಗಳಲ್ಲಿ ಯಾವುದಕ್ಕೂ ಯಾರೂ ಕೊನೆಯ ದಿನಾಂಕ ಕೊಟ್ಟಿಲ್ಲ. ಕೆಟ್ಟಿಲ್ಲದ ಯಂತ್ರಕ್ಕೆ ಮಾತ್ರ ಕೊಟ್ಟಿದ್ದಾರೆ: 2025ರ ಅಕ್ಟೋಬರ್ 14.

ಆ ದಿನ ಏನಾಯಿತು ಎಂಬುದನ್ನು ಮೊದಲು ಸರಿಯಾಗಿ ಹೇಳಿಬಿಡಬೇಕು. ಯಾಕೆಂದರೆ ಇಲ್ಲಿ ಎರಡು ಬಗೆಯ ಸುಳ್ಳುಗಳು ಓಡಾಡುತ್ತಿವೆ. ಒಂದು, ಅಂಗಡಿಯವರ "ಮುಗೀತು." ಇನ್ನೊಂದು, ನಮ್ಮ ಡಿಟಿಪಿ ಬಳಗದ "ಏನೂ ಆಗಲ್ಲ ಬಿಡಿ." ಯಂತ್ರ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ನಿಂತದ್ದು ಅದರ ದುರಸ್ತಿ. ಆಪರೇಟಿಂಗ್ ಸಿಸ್ಟಂ ಅನ್ನುವುದು ಕೋಟ್ಯಂತರ ಸಾಲುಗಳ ಬರಹ. ಎಷ್ಟು ಜನ ಕರಡು ತಿದ್ದಿದರೂ ತಪ್ಪು ಉಳಿದೇ ಉಳಿಯುತ್ತದೆ. ನಮ್ಮ ಪುಸ್ತಕದಲ್ಲಿ ತಪ್ಪು ಉಳಿದರೆ ಓದುಗ ಬೈದು ಮುಂದೆ ಹೋಗುತ್ತಾನೆ. ಅಲ್ಲಿ ತಪ್ಪು ಉಳಿದರೆ ಅದೇ ಕಿಂಡಿಯಿಂದ ಕಳ್ಳ ಒಳಗೆ ಬರುತ್ತಾನೆ. ಅದಕ್ಕೇ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಒಂದು ತಿದ್ದುಪಡಿಯ ಕಂತೆಯನ್ನು ಕಳಿಸುತ್ತದೆ. ಅಕ್ಟೋಬರ್ 14 ಅಂಥ ಒಂದು ಮಂಗಳವಾರ. ಅದರ ನಂತರದ ಕಂತೆಗಳು ಹತ್ತನ್ನು ಇಟ್ಟುಕೊಂಡ ಸಾಮಾನ್ಯರಿಗೆ ತಾನಾಗಿ ಬರುವುದಿಲ್ಲ.

ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಹತ್ತು ಮತ್ತು ಹನ್ನೊಂದು ಒಳಗಡೆ ಅಣ್ಣತಮ್ಮಂದಿರು, ಬರಹದ ಬಹುಭಾಗ ಎರಡಕ್ಕೂ ಒಂದೇ. ಹನ್ನೊಂದಕ್ಕೆ ಈ ತಿಂಗಳು ಯಾವ ಕಿಂಡಿ ಮುಚ್ಚಿದರು ಎಂದು ನೋಡಿದವನಿಗೆ, ಹತ್ತರಲ್ಲಿ ಯಾವ ಕಿಂಡಿ ತೆರೆದೇ ಇರಬಹುದು ಎಂಬುದೂ ತಿಳಿಯುತ್ತದೆ. ತಿಂಗಳು ಕಳೆದ ಹಾಗೆ ಕಿಂಡಿಗಳ ಪಟ್ಟಿ ಬೆಳೆಯುತ್ತದೆ. ಹಾಗಾಗಿ "ಏರಿಸಬೇಕೋ ಬೇಡವೋ" ಎನ್ನುವುದು ನಿಜವಾದ ಪ್ರಶ್ನೆಯೇ. ನನ್ನ ಜಗಳ ಇರುವುದು ಆ ಪ್ರಶ್ನೆಗೆ ಉತ್ತರ ಹೇಳುವ ಹಕ್ಕನ್ನು ನನ್ನ ಕೈಯಿಂದ ಕಿತ್ತುಕೊಂಡವರ ಜೊತೆ. ಆಮೇಲೆ, ಅದನ್ನು ನಾವೇ ಹೇಗೆ ಕೈಬಿಟ್ಟೆವು ಎಂಬುದರ ಜೊತೆ.

ಅಪ್‌ಗ್ರೇಡ್‌ಗೆ ನಮ್ಮ ಪತ್ರಿಕೆಗಳು ಬಳಸುವ ಮಾತು "ಮೇಲ್ದರ್ಜೆಗೇರಿಸುವುದು". ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಮೇಲ್ದರ್ಜೆಗೇರಿಸಿದರು, ರಾಜ್ಯ ಹೆದ್ದಾರಿಯನ್ನು ಮೇಲ್ದರ್ಜೆಗೇರಿಸಿದರು ಎಂದು ಓದುತ್ತಲೇ ಇರುತ್ತೇವೆ. ಏರಿದ್ದು ಬೋರ್ಡು, ಒಳಗಿನ ಡಾಕ್ಟರು ಮೊದಲೂ ಇರಲಿಲ್ಲ ಈಗಲೂ ಇಲ್ಲ ಎಂಬ ಅನುಭವವೂ ನಮಗೆ ಉಂಟು. ಬಹುಶಃ ಅದಕ್ಕೇ ಆ ಮಾತು ಕೇಳಿದ ಕೂಡಲೇ ನನಗೆ ಅನುಮಾನ ಹುಟ್ಟುವುದು.

ಈಗ ಕಂಪನಿಯ ವಾದ ನೋಡಿ. ಹನ್ನೊಂದಕ್ಕೆ ಬೇಕಾದ ಅರ್ಹತೆ ಎಂದು 2021ರಲ್ಲಿ ಅವರು ಪಟ್ಟಿ ಕೊಟ್ಟರು. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದಾಗಿರಬೇಕು. ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅಂದರೆ ಆ ವರ್ಷದ ಮೊದಲಿಗೆ ದುಡ್ಡು ಕೊಟ್ಟು ಹೊಚ್ಚಹೊಸ ಯಂತ್ರ ತಂದವನು ನಾಲ್ಕೇ ವರ್ಷದಲ್ಲಿ ಅನರ್ಹ. ಟಿಪಿಎಂ ಬೇಡವೆಂದು ನಾನು ಹೇಳುವುದಿಲ್ಲ. ಡಿಸ್ಕಿಗೆ ಬೀಗ ಹಾಕಿದರೆ ಅದರ ಕೀಲಿಯನ್ನು ಜೋಪಾನವಾಗಿಡುವುದು ಅದೇ. ಲ್ಯಾಪ್‌ಟಾಪ್ ಕಳೆದುಕೊಂಡವರಿಗೆ ಅದರ ಬೆಲೆ ಗೊತ್ತು. ನನ್ನ ಯಂತ್ರದಲ್ಲೂ ಅದು ಇದೆ. ಬಯೋಸ್‌ನಲ್ಲಿ ಆಫ್ ಆಗಿತ್ತು, ಆನ್ ಮಾಡಿಕೊಂಡೆ. ಪ್ರೊಸೆಸರಿನ ತಲೆಮಾರಿಗೆ ಮಾತ್ರ ಮದ್ದಿಲ್ಲ. ಆರನೇ ತಲೆಮಾರಿನಲ್ಲಿ ಹುಟ್ಟಿದ್ದು ಅದರ ತಪ್ಪು.

ಆದರೆ ಈ ಕುಲನಿಯಮ ಎಷ್ಟು ಗಟ್ಟಿಯದು? ಮೈಕ್ರೋಸಾಫ್ಟ್ ತಾನೇ ತಯಾರಿಸಿ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2 ಎಂಬ ದುಬಾರಿ ಯಂತ್ರದಲ್ಲಿ ಇದ್ದದ್ದು ಏಳನೇ ತಲೆಮಾರಿನ ಪ್ರೊಸೆಸರು. ಪಟ್ಟಿ ಹೊರಬಿದ್ದ ಮೇಲೆ ಎರಡು ತಿಂಗಳಿಗೆ, ಆ ಒಂದು ಪ್ರೊಸೆಸರನ್ನು ಪಟ್ಟಿಗೆ ಸೇರಿಸಿದರು. ಸ್ವಂತ ಮನೆಯ ಮಗುವಿಗೆ ವಯಸ್ಸಿನ ವಿನಾಯಿತಿ! ಅಷ್ಟೇ ಅಲ್ಲ. ಅನರ್ಹ ಯಂತ್ರಕ್ಕೂ ಹನ್ನೊಂದನ್ನು ಏರಿಸುವ ದಾರಿಯನ್ನು ಕಂಪನಿಯೇ ಕೆಲವು ವರ್ಷ ತನ್ನ ಜಾಲತಾಣದಲ್ಲಿ ಬರೆದಿಟ್ಟಿತ್ತು, ಆಮೇಲೆ ಅಳಿಸಿತು. ಆ ದಾರಿಯಲ್ಲಿ ಏರಿಸಿಕೊಂಡವರ ಯಂತ್ರಗಳು ಓಡುತ್ತಲೇ ಇವೆ. "ತಿದ್ದುಪಡಿ ಬಂದೇ ಬರುತ್ತದೆಂಬ ಭರವಸೆ ನಾವು ಕೊಡುವುದಿಲ್ಲ" ಎನ್ನುವುದು ಮಾತ್ರ ಕಂಪನಿಯ ನಿಲುವು. ನಮ್ಮ ಅಂಗಡಿಯ ಹುಡುಗನೂ ಕೊನೆಗೆ ಗುಟ್ಟಿನಲ್ಲಿ, "ಐನೂರು ಕೊಡಿ ಸಾರ್, ಹೆಂಗೋ ಹತ್ತಿಸಿ ಕೊಡ್ತೀನಿ" ಎಂದ. ಹೆಂಗೋ ಹತ್ತುವುದಾದರೆ ಮುಗಿದದ್ದು ಯಾವುದು?

ಕಂಪನಿಯ ಪರವಾಗಿ ಒಂದು ಮಾತು ಹೇಳಬೇಕು. ಹತ್ತಕ್ಕೆ 2025ರವರೆಗೆ ಮಾತ್ರ ಎಂದು ಅವರು 2015ರಲ್ಲೇ ಬರೆದಿಟ್ಟಿದ್ದರು. ಆದರೆ ಅದೇ ವರ್ಷ ಅದೇ ಕಂಪನಿಯ ಉದ್ಯೋಗಿಯೊಬ್ಬರು ಸಮ್ಮೇಳನವೊಂದರಲ್ಲಿ ಇದೇ ವಿಂಡೋಸಿನ ಕೊನೆಯ ಆವೃತ್ತಿ ಎಂದರು, ಪತ್ರಿಕೆಗಳು ಅದನ್ನು ಹಾಡಿ ಹೊಗಳಿದವು. ಜನ ಸಣ್ಣ ಅಕ್ಷರದ ದಿನಾಂಕ ಓದಲಿಲ್ಲ, ದೊಡ್ಡ ಅಕ್ಷರದ ತಲೆಬರಹ ಓದಿದರು. 2016ರಲ್ಲಿ ನೆನಪಿದೆಯೇ? ಏಳು, ಎಂಟು ಇಟ್ಟುಕೊಂಡವರ ಪರದೆಯ ಮೇಲೆ "ಹತ್ತಕ್ಕೆ ಬನ್ನಿ, ಪುಕ್ಕಟೆ" ಎಂಬ ಚೌಕಟ್ಟು ಬರುತ್ತಿತ್ತು. ಬೇಡವೆಂದು ಮೂಲೆಯ ಇಂಟು ಗುರುತು ಒತ್ತಿದರೆ ಅದನ್ನೇ ಒಪ್ಪಿಗೆ ಎಂದು ತಿಳಿದು, ನಿಗದಿಯಾದ ಹೊತ್ತಿಗೆ ಹತ್ತು ಬಂದು ಕೂರುತ್ತಿತ್ತು. ಲೋಕದಾದ್ಯಂತ ಬೈಗಳು ಬಿದ್ದ ಮೇಲೆ ಅದನ್ನು ತಿದ್ದಿದರು. ಅಂದು ಬೇಡ ಅಂದವರಿಗೂ ಹತ್ತಿಸಿದರು. ಇಂದು ಬೇಕು ಅಂದವರಿಗೂ ಹತ್ತಿಸುವುದಿಲ್ಲ. ಎರಡರಲ್ಲೂ ನನ್ನನ್ನು ಕೇಳಿದವರಿಲ್ಲ.

ನನ್ನ ಹೊಟ್ಟೆ ಉರಿಸಿದ್ದು ಮಾತ್ರ ಇದಲ್ಲ, ಮುಂದಿನದು. ತಿದ್ದುಪಡಿ ತಯಾರಿಸುವುದನ್ನು ಅವರು ನಿಲ್ಲಿಸಿಲ್ಲ. ಹತ್ತಕ್ಕೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ತಿದ್ದುಪಡಿ ಬೇಕಾದವರು ಮೂವತ್ತು ಡಾಲರ್ ಕೊಡಬಹುದು. ಇಲ್ಲವೇ ಕಂಪನಿಯ ಖಾತೆ ತೆರೆದು ನಮ್ಮ ಯಂತ್ರದ ಹೊಂದಾಣಿಕೆಗಳನ್ನೆಲ್ಲ ಅವರ ಕ್ಲೌಡಿಗೆ ಒಪ್ಪಿಸಬಹುದು. ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ಗದ್ದಲ ಮಾಡಿದವು, ಅಲ್ಲಿನವರಿಗೆ ದುಡ್ಡೂ ಬೇಡ, ಒಪ್ಪಿಸುವುದೂ ಬೇಡ ಎಂದರು. ಕಂಪನಿಗಳಿಗೆ ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷವರ್ಷಕ್ಕೆ ದುಪ್ಪಟ್ಟು, ಹೀಗೆ ಮೂರು ವರ್ಷ. ಇನ್ನು, ಕಾರ್ಖಾನೆ, ಆಸ್ಪತ್ರೆಗಳಲ್ಲಿ ಒಂದೇ ಕೆಲಸಕ್ಕೆ ಮೀಸಲಾದ ಯಂತ್ರಗಳಿಗೆಂದು ಇರುವ ಹತ್ತರ ಒಂದು ವಿಶೇಷ ಆವೃತ್ತಿಗೆ 2032ರ ಜನವರಿಯವರೆಗೂ ತಿದ್ದುಪಡಿ ಉಂಟು. ಅಡುಗೆ ಆಗಿದೆ, ಬಡಿಸುವುದು ಯಾರಿಗೆ ಅನ್ನುವುದಷ್ಟೇ ಇಲ್ಲಿನ ತೀರ್ಮಾನ.

ನಮ್ಮ ಕಸುಬಿನ ಮಾತಿನಲ್ಲೇ ಕೇಳುತ್ತೇನೆ. ಪುಸ್ತಕದಲ್ಲಿ ಅಚ್ಚಿನ ದೋಷ ಉಳಿದರೆ ಪ್ರಕಾಶಕ ಕೊನೆಯಲ್ಲಿ ತಪ್ಪು–ಒಪ್ಪು ಪಟ್ಟಿ ಅಂಟಿಸಿ ಕೊಡುತ್ತಾನೆ. ಆ ಪಟ್ಟಿಗೆ ಯಾವನಾದರೂ ಬೆಲೆ ಹಾಕಿದ್ದನ್ನು ನೋಡಿದ್ದೀರಾ? "ತಪ್ಪು ನನ್ನದೇ, ಒಪ್ಪು ಬೇಕಾದರೆ ಮೂವತ್ತು ಡಾಲರ್, ಇಲ್ಲವೇ ಹೊಸ ಕಪಾಟು ತಂದು ಹೊಸ ಪುಸ್ತಕ ಕೊಳ್ಳಿ" ಎಂದರೆ ನಾವು ಆ ಪ್ರಕಾಶಕನ ಮನೆ ಬಾಗಿಲಿಗೆ ಹೋಗಿ ನಿಲ್ಲುವುದಿಲ್ಲವೇ? ಭದ್ರತಾ ತಿದ್ದುಪಡಿ ಎನ್ನುವುದು ಹೊಸ ಸೌಕರ್ಯವಲ್ಲ, ಉಪಕಾರವೂ ಅಲ್ಲ. ಅದು ಮಾರಿದವನ ಬಾಕಿ.

ಇಷ್ಟು ಹೇಳಿದ ಮೇಲೆ ನಮ್ಮ ಬಳಗದವರು ಚಪ್ಪಾಳೆ ತಟ್ಟುತ್ತಾರೆ ಎಂದು ನನಗೆ ಗೊತ್ತು. "ಸರಿಯಾಗಿ ಹೇಳಿದಿರಿ, ಅದಕ್ಕೇ ನಾವು ಇನ್ನೂ ಎಕ್ಸ್‌ಪಿಯಲ್ಲೇ ಇದ್ದೇವೆ" ಎನ್ನುವವರು ಇವತ್ತಿಗೂ ಇದ್ದಾರೆ. ಚಪ್ಪಾಳೆ ನಿಲ್ಲಿಸಿ. ಮುಂದಿನದು ನಮಗೆ.

2017ರ ಮೇ 12ರಂದು ವಾನ್ನಕ್ರೈ ಎಂಬ ವಸೂಲಿ ಹುಳು ಒಂದೇ ದಿನದಲ್ಲಿ ದೇಶ ದೇಶಗಳ ಯಂತ್ರಗಳ ಕಡತಗಳಿಗೆ ಬೀಗ ಜಡಿದು, ದುಡ್ಡು ಕೊಟ್ಟರೆ ಬಿಡಿಸುತ್ತೇನೆ ಎಂದಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ನುಗ್ಗಿದ ಕಿಂಡಿಗೆ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ, ತಿದ್ದುಪಡಿ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7ರ ಯಂತ್ರಗಳು, ಅಂದರೆ ಆಗಿನ್ನೂ ಸಪೋರ್ಟ್ ಇದ್ದವು. ಸೋಮಾರಿತನಕ್ಕೆ ಯಾವ ಆವೃತ್ತಿಯಾದರೇನು. ಆ ಗದ್ದಲದಲ್ಲಿ ಮೈಕ್ರೋಸಾಫ್ಟ್, ಮೂರು ವರ್ಷದ ಹಿಂದೆ ಕೈಬಿಟ್ಟಿದ್ದ ಎಕ್ಸ್‌ಪಿಗೂ ತಿದ್ದುಪಡಿ ಕೊಟ್ಟಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಹಳೆಯದನ್ನೇ ಮುಟ್ಟದೆ ಇಟ್ಟುಕೊಂಡು ನೆಟ್ಟಿಗೂ ಜೋಡಿಸಿ, ಊರಿನವರ ಪೆನ್‌ಡ್ರೈವುಗಳನ್ನೆಲ್ಲ ಚುಚ್ಚಿಕೊಂಡು ಕೂರುವುದು ಧೈರ್ಯವಲ್ಲ ಎಂಬುದಕ್ಕೂ ಅದೇ ಸಾಕ್ಷಿ.

ಆದರೆ ನಮ್ಮವರು ಮುಟ್ಟದಿರುವುದು ಸೋಮಾರಿತನಕ್ಕಲ್ಲ, ಹೆದರಿಕೆಗೆ. ಆ ಹೆದರಿಕೆ ಹುಟ್ಟಿದ್ದು ಎಲ್ಲಿ ಎಂದು ಬಿಡಿಸಿ ಹೇಳಬೇಕು.

ಇವತ್ತು ಒಬ್ಬ ಲೇಖಕಿ ನನಗೆ ಕಥೆ ಕಳಿಸುವುದು ವಾಟ್ಸಾಪಿನಲ್ಲಿ. ಫೋನಿನಲ್ಲಿ ಬರೆದದ್ದು, ಅಂದರೆ ಯೂನಿಕೋಡ್. ಅಲ್ಲಿ "ಕ" ಎಂದರೆ ಲೋಕದ ಯಾವ ಯಂತ್ರದಲ್ಲೂ "ಕ"ನೇ. ನಾನು ಮಾಡುವ ಮೊದಲ ಕೆಲಸ ಅದನ್ನು ಕೆಡಿಸುವುದು. ಪರಿವರ್ತಕದಲ್ಲಿ ಹಾಕಿ ಹಳೆಯ ಆನ್ಸಿ ಫಾಂಟಿಗೆ ತಿರುಗಿಸುತ್ತೇನೆ. ಆನ್ಸಿ ಎಂದರೆ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದ ಏರ್ಪಾಡು. ಒಂದು ಮನೆಯಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಕೊಂಬು, ಮತ್ತೊಂದರಲ್ಲಿ ಒತ್ತಕ್ಷರ. ಕಡತದಲ್ಲಿ ಕನ್ನಡವೇ ಇರುವುದಿಲ್ಲ, ಇಂಗ್ಲಿಷಿನ ಚಿತ್ರವಿಚಿತ್ರ ಗುರುತುಗಳಿರುತ್ತವೆ. ಫಾಂಟು ಇದ್ದರೆ ಅದು ಕನ್ನಡದ ವೇಷ ಹಾಕುತ್ತದೆ. ಯಾಕೆ ಹೀಗೆ ಮಾಡುತ್ತೇನೆ? ನಾನು ಪುಟ ಕಟ್ಟುವ ಪೇಜ್‌ಮೇಕರಿಗೆ ಯೂನಿಕೋಡ್ ಅರ್ಥವಾಗುವುದಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಮಾಡಿದ ಕಂಪನಿಯೇ ಅದನ್ನು ಮರೆತಿದೆ, ನಾವು ಮರೆತಿಲ್ಲ. (ನಮ್ಮಲ್ಲಿ ಎಷ್ಟು ಕಡೆ ಅದನ್ನು ದುಡ್ಡು ಕೊಟ್ಟು ತಂದಿದ್ದಾರೆ ಎಂದು ಕೇಳದಿರುವುದು ಲೇಸು.) ತಿರುಗಿಸುವಾಗ ನಡುವೆ ಬಂದ ಇಂಗ್ಲಿಷ್ ಪದಗಳು ಕನ್ನಡದ ಕಸವಾಗುತ್ತವೆ, ಅರ್ಕಾವೊತ್ತು ಜಾಗ ತಪ್ಪುತ್ತದೆ. ಅದನ್ನೆಲ್ಲ ಕೈಯಲ್ಲಿ ತಿದ್ದುತ್ತೇವೆ. ಪುಸ್ತಕ ಅಚ್ಚಾದ ಮೇಲೆ, ಒಂದು ಅಧ್ಯಾಯವನ್ನು ಇಂಥದೇ ಜಾಲಪತ್ರಿಕೆಗೆ ಕೊಡಬೇಕೆಂದು ಲೇಖಕಿ ಕೇಳುತ್ತಾರೆ. ಆಗ ಮತ್ತೆ ಯೂನಿಕೋಡಿಗೆ ತಿರುಗಿಸುತ್ತೇವೆ, ಮತ್ತೆ ತಿದ್ದುತ್ತೇವೆ. ಅಕ್ಕಿಯನ್ನು ಭತ್ತ ಮಾಡಿ, ಭತ್ತವನ್ನು ಮತ್ತೆ ಅಕ್ಕಿ ಮಾಡುವ ಗಿರಣಿ ನಮ್ಮದು.

ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. 2001ರ ಎಕ್ಸ್‌ಪಿಯ ಜೊತೆಗೇ ತುಂಗಾ ಎಂಬ ಯೂನಿಕೋಡ್ ಫಾಂಟು ಬಂತು. ನುಡಿ, ಬರಹ ತಂತ್ರಾಂಶಗಳು ಯೂನಿಕೋಡ್‌ನಲ್ಲಿ ಬರೆಯಲು ಬಿಡುತ್ತವೆ, ಈಚಿನ ಇನ್‌ಡಿಸೈನ್ ಯೂನಿಕೋಡ್ ಕನ್ನಡದಲ್ಲಿ ಪುಟ ಕಟ್ಟುತ್ತದೆ. ದಾರಿ ತೆರೆದು ಎಷ್ಟು ವರ್ಷವಾಯಿತು ಲೆಕ್ಕ ಹಾಕಿ. ನಾವು ಹೋಗಲಿಲ್ಲ. ಆನ್ಸಿ ಫಾಂಟುಗಳು ಅಂದವಾಗಿವೆ ಎಂದೆವು. ಅದು ನಿಜವೂ ಹೌದು, ಬಹಳ ಕಾಲ ಯೂನಿಕೋಡಿನಲ್ಲಿ ಪುಸ್ತಕಕ್ಕೆ ಒಪ್ಪುವ ಅಕ್ಷರರೂಪಗಳು ಕಡಿಮೆ ಇದ್ದವು. ಪ್ರೆಸ್ಸಿನವರು ಒಪ್ಪಲ್ಲ ಎಂದೆವು. ಕೈ ಕುದುರಿದೆ, ಬಿಡಲಾಗಲ್ಲ ಎಂದೆವು.

ಅದರ ಬೆಲೆ ಏನೆಂದು ನನಗೆ ಒಂದು ಪುಸ್ತಕ ಕಲಿಸಿತು. 2005ರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಕಥಾಸಂಕಲನದ ಪುಟ ಕಟ್ಟಿದ್ದೆ. ನಾಲ್ಕು ವರ್ಷದ ನಂತರ ಎರಡನೆಯ ಮುದ್ರಣಕ್ಕೆಂದು ಅವರು ಮೂರು ಮಧ್ಯಾಹ್ನ ನನ್ನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಪರದೆ ನೋಡುತ್ತಲೇ ತಿದ್ದಿಸಿದರು. "ಇದನ್ನ ತೆಗಿ ತಮ್ಮಾ, ನಾನು ಜಾಸ್ತಿ ಮಾತಾಡಿದೀನಿ ಇಲ್ಲಿ" ಎನ್ನುತ್ತಿದ್ದರು. ಮುದ್ರಣ ಮುಂದೆ ಹೋಯಿತು, ಅವರು ತೀರಿಕೊಂಡರು. ಕಡತವನ್ನು ಸಿಡಿಗೆ ಹಾಕಿ ಇಟ್ಟೆ. 2012ರಲ್ಲಿ ನಾನು ಉತ್ಸಾಹದಿಂದ 64 ಬಿಟ್‌ನ ವಿಂಡೋಸ್ 7ಕ್ಕೆ ಏರಿದೆ. ಯಾರೂ ಒತ್ತಾಯ ಮಾಡಿರಲಿಲ್ಲ, ಹೊಸದು ಚೆಂದ ಕಂಡಿತು, ಅಷ್ಟೇ. ಆ ಪುಸ್ತಕಕ್ಕೆ ಬಳಸಿದ ಫಾಂಟಿನ ಪೊಟ್ಟಣಕ್ಕೆ ಒಂದು ಲಾಕ್ ಇತ್ತು, ಕಂಪ್ಯೂಟರಿನ ಹಿಂದೆ ಸಿಕ್ಕಿಸುವಂಥದ್ದು. ಅದರ ಡ್ರೈವರ್ 32 ಬಿಟ್‌ನದು. 64 ಬಿಟ್ ವಿಂಡೋಸ್ ಅಂಥ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಮಾರಿದವರನ್ನು ಹುಡುಕಿದರೆ ಅಂಗಡಿ ಮುಚ್ಚಿ ವರ್ಷವಾಗಿತ್ತು.

2019ರಲ್ಲಿ ಅವರ ಮಗ ಬಂದು ಪುಸ್ತಕ ಮರುಮುದ್ರಣ ಆಗಬೇಕು, ತಿಂಗಳೊಳಗೆ ಕಾರ್ಯಕ್ರಮ ಎಂದರು. ಸಿಡಿ ತೆರೆದರೆ ಪುಟ ತುಂಬ ಇಂಗ್ಲಿಷ್ ಕಸ. ನನ್ನ ಹತ್ತಿರವಿದ್ದ ಯಾವ ಪರಿವರ್ತಕಕ್ಕೂ ಆ ಫಾಂಟಿನ ಗುಟ್ಟು ಗೊತ್ತಿರಲಿಲ್ಲ. ಹೊತ್ತಿಲ್ಲದ್ದಕ್ಕೆ 2005ರ ಅಚ್ಚಾದ ಪ್ರತಿ ಇಟ್ಟುಕೊಂಡು ಹೊಸದಾಗಿ ಟೈಪ್ ಮಾಡಿಸಿದೆ. ತಿದ್ದಿದ್ದರಲ್ಲಿ ನೆನಪಿದ್ದ ಒಂದೆರಡನ್ನು ಸೇರಿಸಿದೆ. ಪುಸ್ತಕ ಬಂತು, ಸನ್ಮಾನವಾಯಿತು, ಗ್ರಂಥಾಲಯಗಳಿಗೂ ಹೋಯಿತು.

ಈ ಸಲ ಅಕ್ಟೋಬರ್ ಬಂತಲ್ಲ ಎಂದು ಹಳೆಯ ಕಡತಗಳನ್ನೆಲ್ಲ ಹರವಿಕೊಂಡಾಗ ಆ ಸಿಡಿ ಮತ್ತೆ ಕೈಗೆ ಸಿಕ್ಕಿತು. ಅಚ್ಚಾದ ಪುಟವನ್ನೂ ಕಸದ ಪುಟವನ್ನೂ ಪಕ್ಕಪಕ್ಕ ಇಟ್ಟುಕೊಂಡು, ಯಾವ ಗುರುತು ಯಾವ ಅಕ್ಷರದ ತುಂಡು ಎಂದು ಒಂದೊಂದೇ ಪಟ್ಟಿ ಮಾಡಿದೆ. ಹನ್ನೊಂದು ರಾತ್ರಿ ಹಿಡಿಯಿತು. 2019ರಲ್ಲೂ ಇದನ್ನು ಮಾಡಬಹುದಿತ್ತು, ಮಾಡಲಿಲ್ಲ. ಕಸದಿಂದ ಕನ್ನಡ ಎದ್ದು ಬಂದಾಗ ನೋಡಿದರೆ, ಕೊನೆಯ ಕಥೆಯ ಕೊನೆಯ ಪ್ಯಾರಾ ಇರಲೇ ಇಲ್ಲ. ಅವರು ತೆಗೆಸಿದ್ದರು. ಮಗಳು ತವರಿಗೆ ವಾಪಸು ಬಂದು ಬಾಗಿಲು ತಟ್ಟುವಲ್ಲಿಗೆ ಕಥೆ ನಿಂತಿತ್ತು. ನಾನು ಅಚ್ಚು ಹಾಕಿಸಿ ಊರೂರಿಗೆ ಹಂಚಿದ ಪುಸ್ತಕದಲ್ಲಿ ಬಾಗಿಲು ತೆರೆಯುತ್ತದೆ, ತಾಯಿ ಅರ್ಧ ಪುಟ ಬುದ್ಧಿ ಹೇಳುತ್ತಾಳೆ. ಮಗನಿಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಹಂಗೆ ಮಾಡೋರೇ" ಎಂದರು.

ಇದಕ್ಕೆ ಮೈಕ್ರೋಸಾಫ್ಟನ್ನು ಬೈಯಲಾರೆ. ಇದು ನನ್ನದು, ಮತ್ತು ನಮ್ಮೆಲ್ಲರದು. ಬರಹವನ್ನು ಒಂದು ಲಾಕಿಗೆ, ಒಂದು ಫಾಂಟಿಗೆ, ಒಂದು ಸತ್ತ ತಂತ್ರಾಂಶಕ್ಕೆ ಕಟ್ಟಿಹಾಕಿ ಕೂತವನಿಗೆ ಏರಿದರೂ ಭಯ, ಏರದಿದ್ದರೂ ಭಯ. ಯಜಮಾನ ಯಾವ ದಿನಾಂಕ ಹೇಳಿದರೂ ನಡುಗಬೇಕು. ಆ ಪೆಟ್ಟು ತಿಂದ ಮೇಲೂ ನಾನು 2016ರಲ್ಲಿ ಮಾಡಿದ್ದೇನು ಗೊತ್ತೇ? ಬೇರೊಂದು ಫಾಂಟಿನ ಲಾಕಿಗಾಗಿ 32 ಬಿಟ್‌ನ ಹತ್ತನ್ನು ಬೇಕೆಂದೇ ಹಾಕಿಸಿಕೊಂಡೆ. ಹನ್ನೊಂದರಲ್ಲಿ 32 ಬಿಟ್ ಎಂಬುದೇ ಇಲ್ಲ. ಹೊಸ ಯಂತ್ರ ತಂದಿದ್ದರೂ ನನ್ನ ಕಥೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಕೊನೆಗೆ ನಾನು ಏನು ಮಾಡಿದೆ ಎಂದು ಕೇಳುವವರಿಗೆ: ಹಳೆಯ ಡಿಸ್ಕನ್ನು ಹಾಗೇ ಬಿಟ್ಟೆ. ಅದರಲ್ಲಿ ಕೆಲಸ ಮಾಡುವಾಗ ನೆಟ್ಟಿನ ವೈರು ಕಿತ್ತು ಕೂರುತ್ತೇನೆ. ಅದೇ ಯಂತ್ರಕ್ಕೆ ಒಂದು ಹೊಸ ಎಸ್‌ಎಸ್‌ಡಿ, ಒಂದು ರ‍್ಯಾಮ್ ಪಟ್ಟಿ ಸೇರಿಸಿ ಅದರಲ್ಲಿ ಲಿನಕ್ಸ್ ಹಾಕಿಕೊಂಡೆ. ಹೊಸ ಕಂಪ್ಯೂಟರಿನ ಬೆಲೆಯ ಮುಂದೆ ಆ ಖರ್ಚು ಏನೂ ಅಲ್ಲ. ನನಗೆ ಅಭ್ಯಾಸವಿದ್ದ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಅಲ್ಲೂ ಸಿಗುತ್ತದೆ. 2024ರ ಮೊದಲಿಗೆ ಬಂದ ಸ್ಕ್ರೈಬಸ್ 1.6 ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಸುಖವಾಗಿದ್ದೇನೆ ಎಂದು ಸುಳ್ಳು ಹೇಳುವುದಿಲ್ಲ. ಪೇಜ್‌ಮೇಕರಿನಲ್ಲಿ ಒಂದು ಗಂಟೆಗೆ ಆಗುತ್ತಿದ್ದ ಕೆಲಸಕ್ಕೆ ಸ್ಕ್ರೈಬಸ್‌ನಲ್ಲಿ ಮೂರು ಗಂಟೆ ಒದ್ದಾಡಿದ್ದೇನೆ. ಐವತ್ತು ದಾಟಿದ ಬೆರಳುಗಳು ಹಳೆಯ ಶಾರ್ಟ್‌ಕಟ್‌ಗಳನ್ನು ಮರೆಯಲು ಒಪ್ಪುವುದಿಲ್ಲ. "ಆನ್ಸಿ ಫೈಲೇ ಕೊಡಿ" ಎನ್ನುವ ಪ್ರೆಸ್ಸಿನವರು ಇನ್ನೂ ಇದ್ದಾರೆ. ಅವರಿಗೆ ಪಿಡಿಎಫ್ ಕೊಟ್ಟು ಕೈಮುಗಿಯುತ್ತೇನೆ.

ಇದೇ ಎಲ್ಲರಿಗೂ ದಾರಿ ಎಂದಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ರಿಟರ್ನ್ ಸಲ್ಲಿಸುವವರು ವಿಂಡೋಸಿನಲ್ಲೇ ಇರಬೇಕಾದೀತು. ಯಂತ್ರ ಅರ್ಹವಾಗಿದ್ದರೆ ಅವರು ಹನ್ನೊಂದಕ್ಕೆ ಏರಲಿ, ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟ ಮೇಲೆ. 2018ರ ಅಕ್ಟೋಬರ್‌ನಲ್ಲಿ ಹತ್ತರದ್ದೇ ದೊಡ್ಡ ಅಪ್‌ಡೇಟ್ ಒಂದು ಕೆಲವರ ದಾಖಲೆಗಳನ್ನೇ ಅಳಿಸಿಹಾಕಿ, ಕಂಪನಿ ಅದನ್ನು ನಾಲ್ಕೇ ದಿನಕ್ಕೆ ತಡೆಹಿಡಿಯಬೇಕಾಗಿತ್ತು. ಮೊದಲ ವಾರವೇ ನುಗ್ಗುವುದರಲ್ಲಿ ಯಾವ ಪುಣ್ಯವೂ ಇಲ್ಲ. ಯಂತ್ರ ಅನರ್ಹವಾಗಿದ್ದರೆ ಆ ಒಂದು ವರ್ಷದ ತಿದ್ದುಪಡಿಯನ್ನಾದರೂ ಪಡೆದುಕೊಳ್ಳಲಿ, ಬೈಯುತ್ತಲೇ.

ಬೈಯುವುದನ್ನು ಮಾತ್ರ ಗಟ್ಟಿಯಾಗಿ ಬೈಯಬೇಕು. ಯುರೋಪಿನವರಿಗೆ ಬಿಟ್ಟಿ ಸಿಕ್ಕಿದ್ದು ಕಂಪನಿಯ ಕರುಣೆಯಿಂದಲ್ಲ, ಕೇಳಿದ್ದರಿಂದ. ನಮ್ಮಲ್ಲಿ ಸರ್ಕಾರಿ ಕಚೇರಿ, ಶಾಲೆ, ಗ್ರಂಥಾಲಯಗಳಿಗೆ ಸಾವಿರಗಟ್ಟಲೆ ಯಂತ್ರ ಕೊಳ್ಳುವವರು ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಇ–ತ್ಯಾಜ್ಯಕ್ಕೆ 2022ರಲ್ಲಿ ಹೊಸ ನಿಯಮ ಬಂದಿದೆ. ಕಸವಾದ ಮೇಲೆ ಯಂತ್ರವನ್ನು ಯಾರು ಒಯ್ಯಬೇಕು ಎಂಬುದು ಅದರಲ್ಲಿದೆ. ಕಸವಲ್ಲದ್ದನ್ನು ಕಸ ಎಂದು ಕರೆಯುವವರನ್ನು ಯಾರು ಕೇಳಬೇಕು? ಪಕ್ಕದ ಕೇರಳದ ಶಾಲೆಗಳು ವರ್ಷಗಳಿಂದ ಲಿನಕ್ಸಿನಲ್ಲಿ ಪಾಠ ಮಾಡುತ್ತಿವೆ. ಅವರಿಗೆ ಅಕ್ಟೋಬರ್ 14 ಮತ್ತೊಂದು ಮಂಗಳವಾರ.

ಪ್ರಕಾಶಕರಿಗೂ ಒಂದು ಮಾತು. ಪುಟ ಕಟ್ಟಿದವನಿಂದ ಪಿಡಿಎಫ್ ಇಸಿದುಕೊಂಡು ಹೋಗಬೇಡಿ. ಕೊನೆಯ ಪ್ರೂಫ್ ತಿದ್ದಿದ ಮೇಲಿನ ಪಠ್ಯವನ್ನು ಯೂನಿಕೋಡಿನಲ್ಲಿ ಕೊಡು, ಆಮೇಲೆ ದುಡ್ಡು ಎನ್ನಿ. ನನ್ನಂಥವರು ಗೊಣಗುತ್ತೇವೆ. ಗೊಣಗಲಿ.

ನಾನು ಪುಟ ಕಟ್ಟಿದ್ದರಲ್ಲಿ ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡಿದ್ದ ಪುಸ್ತಕಗಳು 163. ದಿನಕ್ಕೆ ಒಂದರ ಹಾಗೆ, ವೈರು ಕಿತ್ತ ಡಿಸ್ಕಿನಿಂದ ತೆಗೆದು, ತಿರುಗಿಸಿ, ಅಚ್ಚಾದ ಪ್ರತಿಯ ಜೊತೆ ಓದಿ ನೋಡಿ ಇಡುತ್ತಿದ್ದೇನೆ. 41 ಉಳಿದಿವೆ. ಅವುಗಳಲ್ಲಿ ಎರಡು ಸಿಡಿಗಳನ್ನು ಡ್ರೈವು ಓದುತ್ತಿಲ್ಲ, ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕುತ್ತಿದ್ದೇನೆ.